ಗಾಜಿನ ಮೇಲಿನ ಚುಕ್ಕೆ

ಸೋಲಾಪುರದ ಪೇಟೆಯನ್ನೇ ನಡುಗಿಸಬಲ್ಲ ಸಂಗತಿಯೆಂದರೆ, ಚಾದರ ವ್ಯಾಪಾರಿ ಶಂಕರೆಪ್ಪ ಸಾವಕಾರರ ಹೊಸ ಟೀವಿಯ ಗಾಜಿನಲ್ಲಿ ಸಾಸಿವೆಯಷ್ಟು ಕಪ್ಪು ಚುಕ್ಕೆಯಿದ್ದದ್ದು. ಹೆಂಡತಿಯನ್ನು ಕರೆದೊಯ್ಯಲು ಬಂದ ಅಳಿಯ ಸಾತಲಿಂಗಪ್ಪ ಅದನ್ನು ಪುಣೆಯಿಂದ ತಂದಿದ್ದ. ಊರಿಗಿನ್ನೂ ಟೀವಿ ಪ್ರಸಾರ ಬರುತ್ತಿರಲಿಲ್ಲ. ಕಿಟಕಿ ಮುಚ್ಚಿ ಸಾವಕಾರರು ಪರೀಕ್ಷಿಸಿದ್ದು ಬರೀ ಮಿನುಗುವ ಪರದೆಯನ್ನು.

"ಡಾಗ ಬಿದ್ದ, ಕಲೆ ಇದ್ದ ಮಾಲ ತಂದೀರಲ್ಲ, ಅಳಿಯಂದ್ರ! ಮಗಳನ್ನ ಕಳಸೂದಿಲ್ಲ, ನಡೀರಿ!"

"ಪುಣೆದಾಗ ನೋಡೇ ತಂದೀನ್ರಿ, ಮಾವಾರ..." ಎನ್ನುವಷ್ಟರಲ್ಲಿ ಸಾವಕಾರರ ಬೆತ್ತ ಸಾತಲಿಂಗಪ್ಪನ ಬಾಯಿಗೆ ಬಿತ್ತು. ರಕ್ತ ಅಂಗಿಗಿಳಿಯಿತು. ಎರಡನೇ ಏಟು ಬರುತ್ತದೆಂದು ಅವನು ಕಣ್ಣು ಮುಚ್ಚಿದ.

ಏಟು ಬರಲಿಲ್ಲ. ಅವನ ಹೆಂಡತಿ ರತ್ನಾಬಾಯಿ ಸೆರಗಿನಿಂದ ಗಾಜು ಒರೆಸುತ್ತಿದ್ದಳು. ಚುಕ್ಕೆ ಹೋಗಿತ್ತು. "ಮುಂಜಾನಿ ನೀನಽ ಪೂಜಾ ಮಾಡಿ ಹಚ್ಚಿದ ಕುಂಕುಮ, ಅಪ್ಪಾ. ಹಿಂದಿನ ಬೆಳಕಿಗೆ ಕರ್ರಗ ಕಾಣತಿತ್ತು."

"ಹಂಗಾರ ಮಾಲ ಛಲೋನ ಐತಿ!" ಎಂದು ಸಾವಕಾರರು ನಕ್ಕರು.

ಅವಳು ಬೆತ್ತ ಕಸಿದುಕೊಂಡು ಪರದೆಗೆ ಬೀಸಿದಳು. ಗಾಜು ಢಬ್ಬೆಂದು ಸಿಡಿಯಿತು.

ಗಂಡ ಹೆಂಡತಿ ಮಧ್ಯಾಹ್ನದ ಗಾಡಿಗೆ ಪುಣೆಗೆ ಹೋದರು.