ಹೆಪ್ಪಿನ ಮಣ್ಣು

ಕಾರ್ಖಾನೆಯ ಸೀಸದ ನೀರು ಕಾಲುವೆ ಸೇರಿ, ಹೊಲಗಳ ಸೂಕ್ಷ್ಮಜೀವಿಗಳೆಲ್ಲ ಸತ್ತ ಮೇಲೆ ಆ ಊರಿನ ಪ್ರತಿ ಅಡುಗೆಮನೆಯಲ್ಲೂ ಮೊಸರಿನ ಗಡಿಗೆಯ ಪಕ್ಕದಲ್ಲಿ ಜೀವಮಣ್ಣಿನ ಗಡಿಗೆಯೊಂದು ಇರುತ್ತಿತ್ತು. ಅದರಿಂದ ಹೊಲಕ್ಕೆ ಹೆಪ್ಪು ಹಾಕದೆ ಬಿತ್ತಿದರೆ ರಾಗಿ ಮೊಳೆಯುತ್ತಿರಲಿಲ್ಲ.

ನೆರೆಮನೆಯ ದುಂಡಮ್ಮ ಬಟ್ಟಲು ಹಿಡಿದು ಬಂದಳು. "ಮಾದಪ್ಪಣ್ಣ, ನಮ್ಮ ಗಡಿಗೆ ಸತ್ತೋಯ್ತು. ಒಂದಿಷ್ಟು ಹೆಪ್ಪು ಕೊಡಣ್ಣ, ನಾಳೆ ಬಿತ್ತನೆ."

ಪುಟ್ಟಮಾದಪ್ಪ ಮೂಲೆಯ ಗಡಿಗೆಯತ್ತ ಕೈ ತೋರಿಸಿದ. ಹೆಂಡತಿ ಶಿವಲಿಂಗಮ್ಮ ತೀರಿಕೊಂಡು ಹನ್ನೊಂದು ದಿನವಾಗಿತ್ತು. "ಏನು ಕೊಡ್ಲವ್ವಾ? ಮಂಕು ಕವಿದು ಮಳೆನೀರಿನ ಬದಲು ದಿನಾ ಕಾಲುವೆ ನೀರೇ ಹುಯ್ದಿವ್ನಿ. ಅವಳು ಸಾಕಿದ್ದನ್ನ ಕೊಂದ್ಬುಟ್ಟೆ."

ದುಂಡಮ್ಮ ಮುಚ್ಚಳ ತೆಗೆದಳು. ಮೊದಲ ಮಳೆಯ ವಾಸನೆ ಅಡುಗೆಮನೆಯನ್ನೆಲ್ಲ ತುಂಬಿತು.

"ಸತ್ತಿಲ್ಲ ಕಣಣ್ಣ! ಅಕ್ಕ ಇದಕ್ಕೆ ದಿನಾ ಒಂದು ಚಮಚ ಕಾಲುವೆ ನೀರು ಕುಡಿಸ್ತಿರ್ಲಿಲ್ವಾ?"

ಹೌದು, ಕುಡಿಸುತ್ತಿದ್ದಳು. "ವಿಷ ಹಾಕ್ತೀಯಲ್ಲೇ" ಎಂದು ಅವನು ರೇಗಿದರೆ, "ಅಭ್ಯಾಸ ಆಗ್ಲಿ ಬುಡಿ, ನಾವೇನು ಯಾವಾಗ್ಲೂ ಇರ್ತೀವಾ" ಎಂದು ನಗುತ್ತಿದ್ದಳು.

ಕಣ್ಣಿಗೆ ಕಾಣದ ಆ ಗಟ್ಟಿ ಜೀವಗಳಿಗೆ ಪುಟ್ಟಮಾದಪ್ಪ ಕೈಮುಗಿದ. "ದೀಪ ಹಚ್ಚೋ ಮುಂಚೆ ತಗೊಂಡೋಗವ್ವ" ಎಂದು ಬಟ್ಟಲು ತುಂಬಿಸಿಕೊಟ್ಟ. ಆಮೇಲೆ ಉಳಿದ ಮಣ್ಣಿಗೆ, ಅವಳಂತೆಯೇ ಶಿವನ ಹೆಸರು ಹೇಳಿ, ಕಾಲುವೆಯ ನೀರನ್ನು ಒಂದೇ ಒಂದು ಚಮಚ ಅಳೆದು ಹಾಕಿದ.