ಕಾಲುಂಗುರ

"ಕಾಲುಂಗುರಾನೂ ತೆಗೀಬೇಕು. ಬಾಂಗ್ಲಾಕ್ಕೆ ಕಳಿಸೋಗಂಟ ಇಡೋ ಕೇಂದ್ರದೊಳಕ್ಕೆ ಒಡವೆ ಬುಡಲ್ಲ," ಎಂದಳು ಮಹಿಳಾ ಪೇದೆ. ಹದಿನಾಲ್ಕು ವರ್ಷದಿಂದ ಶೆಫಾಲಿಯ ಬೆರಳುಗಳನ್ನು ಕಚ್ಚಿಕೊಂಡಿದ್ದ ಬೆಳ್ಳಿ ಎಷ್ಟು ಎಳೆದರೂ ಬರಲಿಲ್ಲ. ಅಕ್ಕಸಾಲಿ ಮೌನೇಶ್ ಹೆಂಡತಿಯ ಪಾದವನ್ನು ಅಂಗಡಿಯ ಮಣೆಯ ಮೇಲಿಟ್ಟುಕೊಂಡು ಕತ್ತರಿ ಹಿಡಿದ.

"ಗಂಡ ಈ ಊರೋನು. ಮಗಳು ಕೆ.ಆರ್. ಪೇಟೆ ಆಸ್ಪತ್ರೇಲೇ ಉಟ್ಟವ್ಳೆ, ಈಗ ಇಸ್ಕೂಲಿಗೆ ಓಗವ್ಳೆ. ಇವಳೊಬ್ಳು ಎಂಗವ್ವ ಬ್ಯಾರೆ ದೇಶದೋಳಾದ್ಲು?" ಮೌನೇಶನ ತಾಯಿ ಮಂಗಳಮ್ಮ ಬಾಗಿಲಿಗೆ ಅಡ್ಡ ನಿಂತು ಕೇಳಿದರು.

"ಉಟ್ಟಿದ್ದು ಅಲ್ಲಿ, ಇಲ್ಲಿರಕ್ಕೆ ಕಾಗದ ಒಂದೂ ಇಲ್ಲ. ಆರ್ಡರ್ ಬಂದೈತೆ, ನಾನೇನ್ ಮಾಡ್ಲಮ್ಮ?"

ಮೌನೇಶ್ ಯಾರ ಮುಖವನ್ನೂ ನೋಡಲಿಲ್ಲ. ಬಸುರಿಯರ ಊದಿದ ಬೆರಳುಗಳಿಂದ ಇಂಥವನ್ನು ಎಷ್ಟೋ ಸಲ ಬಿಡಿಸಿದ್ದ. ಕೈ ತಾನಾಗಿಯೇ ಕೆಲಸ ಮಾಡಿತು. "ನೋವಾದ್ರೆ ಹೇಳ್ರವ್ವ," ಎಂದ. ಶೆಫಾಲಿ ಇಲ್ಲವೆಂದು ತಲೆಯಾಡಿಸಿದಳು. ಎರಡೂ ಉಂಗುರ ಕಳಚಿಬಂದವು. ಬೆರಳುಗಳ ಮೇಲೆ ಬಿಳಿ ಗುರುತು ಉಳಿಯಿತು.

ತುಂಡಾದ ಬೆಳ್ಳಿಯನ್ನು ಗುಲಾಬಿ ಬಣ್ಣದ ಕಾಗದದಲ್ಲಿ ಮಡಚಿಟ್ಟು, ತಲೆಯೆತ್ತದೆ, ದಿನವೂ ಗಿರಾಕಿಗಳಿಗೆ ಹೇಳುವ ಹಾಗೆಯೇ ಹೇಳಿದ:

"ಬೆಸುಗೆ ಆಕಿಟ್ಟಿರ್ತೀನಿ. ನಾಳೆ ಬಂದು ಆಕ್ಕೊಂಡೋಗಿ."