ಅರ್ಧ ಲೋಟ ಟೀ

ಬೇಕರಿಯಲ್ಲಿ ಬಿಸ್ಕತ್ತು ಮಾಡುವವನು ಅವತ್ತು ಮಧ್ಯಾಹ್ನಕ್ಕೇ ಮನೆಗೆ ಬಂದುಬಿಟ್ಟ. ಬಂದವನು ಒಳಗೆ ಕಾಲಿಡದೆ ಸೀದಾ ಹಿತ್ತಲಿನ ನಲ್ಲಿಗೆ ಹೋದ. ಅಂಗಿ ಕಳಚಿ ಮುಚ್ಚಳದ ಬಕೆಟ್ಟಿಗೆ ಹಾಕಿದ, ಮೊಣಕೈವರೆಗೆ ಸೋಪು ಹಚ್ಚಿದ, ಉಗುರಿನ ಸಂದಿಯನ್ನೆಲ್ಲ ಬ್ರಷ್ಷಿನಿಂದ ಉಜ್ಜಿದ. ಇದು ದಿನಾ ನಡೆಯುವುದೇ. ಆದರೆ ಈ ಹೊತ್ತಿನಲ್ಲಲ್ಲ. ಹೆಂಡತಿ ಅಡುಗೆಮನೆ ಬಾಗಿಲಿಗೆ ಬಂದು ನಿಂತಳು.

“ಏನ್ರೀ ಇಷ್ಟು ಬೇಗ? ಕೆಲಸ ಹೋಯ್ತಾ?”

“ಹೋಗಿಲ್ಲ. ಹೋಗೋ ಹಾಗಿದೆ. ಬಾದಾಮಿ ಹಿಟ್ಟಿಗೆ ಸಕ್ಕರೆ ಬದಲು ಉಪ್ಪು ಸುರಿದುಬಿಟ್ಟೆ. ಬಿಸ್ಕತ್ತೆಲ್ಲ ಬೆಂದು, ಆರಿ, ಗಾಜಿನ ಕಪಾಟಿಗೆ ಹೋದ್ಮೇಲೆ ಗೊತ್ತಾಯ್ತು. ಅದೂ ಯಾರಿಂದ? ಮೊದಲನೇ ಗಿರಾಕಿಯಿಂದ. ಆಯಮ್ಮ ಉಗುಳಿದ್ದು ಯಜಮಾನರ ಮೇಜಿನ ಮೇಲೆ.”

ಆಕೆಗೆ ನಗು ಬಂತು, ನುಂಗಿಕೊಂಡಳು. ಉಪ್ಪಿನ ಡಬ್ಬ ಸಕ್ಕರೆ ಡಬ್ಬ ಅಲ್ಲಿ ಮೊದಲಿಂದಲೂ ಅಕ್ಕಪಕ್ಕವೇ. ಇವನು ಡಬ್ಬ ನೋಡಿ ಕೆಲಸ ಮಾಡಿದವನೇ ಅಲ್ಲ. ಹಿಟ್ಟು ಕಲಸಿ, ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಹದ ಹೇಳುವವನು. ಆ ಅಂಗಡಿಯ ಹೆಸರು ನಿಂತಿದ್ದೇ ಇವನ ನಾಲಿಗೆಯ ಮೇಲೆ ಅನ್ನಿ.

“ಬಾಯಿಗೆ ಹಾಕ್ಕೊಂಡು ನೋಡ್ಲಿಲ್ವಾ?”

“ಇಲ್ಲ ಕಣೇ.”

“ಅದ್ಯಾಕೆ?”

ಅವನು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಒರೆಸಿದ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು. ಟವೆಲಿನ ಒಳಗಿಂದಲೇ ಹೇಳಿದ: “ಇವತ್ತು ನಿನ್ನ ಜೊತೆ ಟೀ ಕುಡಿಯೋಣ ಅಂತ.”

ಮದುವೆಯಾದಾಗಿನಿಂದ ಅವರದು ಒಂದೇ ಲೋಟ. ಮನೆಯಲ್ಲಿ ಲೋಟಕ್ಕೆ ಬರ ಅಂತಲ್ಲ. ಸಂಜೆ ಅವನು ಕೆಲಸದಿಂದ ಬಂದು ಅರ್ಧ ಕುಡಿದು ಕೊಡುತ್ತಿದ್ದ, ಮಿಕ್ಕರ್ಧ ಆಕೆ ಕುಡಿಯುತ್ತಿದ್ದಳು. ಹೋದ ವರ್ಷ ಒಂದು ಸಂಜೆ ಆ ಅರ್ಧ ಕುಡಿದವಳ ತುಟಿ ಊದಿತು, ಮೈಯೆಲ್ಲ ದದ್ದೆದ್ದಿತು, ಉಸಿರು ಸಿಗದೆ ಬಾಗಿಲ ಚೌಕಟ್ಟು ಹಿಡಿದುಕೊಂಡು ಕುಸಿದಳು. ಆಸ್ಪತ್ರೆಯ ಡಾಕ್ಟರಮ್ಮ ಏನು ತಿಂದೆ, ಏನು ಕುಡಿದೆ ಎಂದು ಕೇಳಿ ಕೇಳಿ, ಪರೀಕ್ಷೆ ಎಲ್ಲ ಮಾಡಿ, ಕೊನೆಗೆ ಗಂಡನ ಕೆಲಸ ಏನೆಂದು ಕೇಳುವಲ್ಲಿಗೆ ಬಂದು ನಿಂತರು. ಬಾದಾಮಿ ಅಲರ್ಜಿ, ಗಂಡನ ಬಾಯಿಂದ ಲೋಟಕ್ಕೆ ಬಂದದ್ದು. ಇಷ್ಟು ವರ್ಷ ಇಲ್ಲದ್ದು ಈಗ ಬರಬಹುದು, ಬಂದಮೇಲೆ ಒಂದು ಚೂರೂ ಹೆಚ್ಚೇ, ಬರೀ ಬಾಯಿ ಮುಕ್ಕಳಿಸಿದರೆ ಸಾಲದು ಎಂದರು. ಅಂದಿನಿಂದ ಲೋಟ ಎರಡಾಯಿತು. ಮತ್ತೆ ಹಾಗಾದರೆ ಚುಚ್ಚಲು ಇಂಜೆಕ್ಷನ್ ಕೈಗೆಟಕುವ ಗೂಡಿಗೆ ಬಂತು. ಹೆದರಿದ ಗಂಡ ತನ್ನ ಹಾಸಿಗೆಯನ್ನೂ ಪಕ್ಕದ ಕೋಣೆಗೆ ಎಳೆದುಕೊಂಡು ಹೋದ. ಒಂದೇ ಸೂರಿನಡಿ ಆಕೆ ಅವನಿಗಾಗಿ ಹಂಬಲಿಸುವಂತಾಯಿತು.

“ಯಜಮಾನರು ಏನಂದ್ರು?”

“ರುಚಿ ನೋಡೋದಾದ್ರೆ ನಾಳೆ ಬಾ, ಇಲ್ಲದಿದ್ರೆ ಬರಬೇಡ ಅಂದ್ರು. ಹೋಗಲ್ಲ ಬಿಡು. ಬರೀ ಬ್ರೆಡ್ಡು ಮಾಡೋರು ಎಲ್ಲೂ ಇಲ್ವಾ?”

“ಬ್ರೆಡ್ಡಂತೆ! ಆ ಬಿಸ್ಕತ್ತು ಬಿಟ್ಟು ಬದುಕ್ತೀರಾ ನೀವು? ಈ ವಯಸ್ಸಲ್ಲಿ ಒಳ್ಳೇ ಮದುಮಗ ಸಿಕ್ಕಿದ ನನಗೆ.”

ಬೈಯುತ್ತಲೇ ಟೀ ಕಾಸಿದಳು. ಒಂದೇ ಲೋಟಕ್ಕೆ ಬಗ್ಗಿಸಿ ಅವನ ಮುಂದಿಟ್ಟಳು. ಅವನು ಲೋಟ ಎತ್ತಿ ತುಟಿಯ ಹತ್ತಿರ ತಂದವನು ಅಲ್ಲೇ ನಿಲ್ಲಿಸಿದ.

“ಬಾಯಿಗೆ ಹಾಕಿಲ್ಲ, ನಿಜ. ಆದರೆ ಪುಡಿ ಮಾಡುವಾಗ ಎಲ್ಲಾ ಕಡೆ ಹಾರುತ್ತೆ. ಮೀಸೆಗೆ ಅಂಟಿದ್ರೆ? ಅವತ್ತು ನೀನು ಉಸಿರಿಗೆ ಬಾಯಿ ಬಿಟ್ಟಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಆಗಲ್ಲ ಕಣೇ ನನ್ನ ಕೈಲಿ.”

ಲೋಟ ಕೆಳಗಿಟ್ಟ. ಆಕೆ ಆ ಲೋಟವನ್ನು ಅವನ ಕಡೆಗೇ ಸರಿಸಿದಳು. ಆಮೇಲೆ ಎದ್ದು ಹೋಗಿ ತೊಳೆದ ಲೋಟ ಒಂದನ್ನು ತಂದು, ಪಾತ್ರೆಯಲ್ಲಿ ಉಳಿದಿದ್ದ ಟೀ ಬಗ್ಗಿಸಿದಳು.

“ನಾನು ಮೊದಲು ಕುಡೀತೀನಿ. ಮಿಕ್ಕಿದ್ದು ನಿಮಗೆ.”

ಇಬ್ಬರೂ ಮುಖ ಮುಖ ನೋಡಿಕೊಂಡರು. ಒಂದು ವರ್ಷದಿಂದ ಇಷ್ಟು ಸಣ್ಣ ವಿಷಯ ಇಬ್ಬರ ತಲೆಗೂ ಹೊಳೆದಿರಲಿಲ್ಲ. ಗಂಡ ಕುಡಿದದ್ದನ್ನು ಹೆಂಡತಿ ಕುಡಿಯುವುದು, ಹಾಗೇ ನಡೆದು ಬಂದಿತ್ತು. ಅದನ್ನು ತಿರುವಿ ಹಾಕಬಹುದು ಅಂತ ಯಾರು ಯೋಚಿಸುತ್ತಾರೆ?

ಆಕೆ ಅರ್ಧ ಕುಡಿದು ಕೊಟ್ಟಳು. “ನಾಳೆ ಕೆಲಸಕ್ಕೆ ಹೋಗಿ. ಹೊಟ್ಟೆ ತುಂಬ ರುಚಿ ನೋಡಿ.”

ಅವನು ಗುಟುಕು ಗುಟುಕಾಗಿ, ಮುಗಿಯುವುದೇ ಬೇಡ ಅನ್ನುವ ಹಾಗೆ ಕುಡಿದ. “ಇಷ್ಟು ವರ್ಷ ಈ ಸುಖ ನೀನೊಬ್ಬಳೇ ಹೊಡೆದುಬಿಟ್ಟೆಯಲ್ಲೇ!”

ಆಕೆ ನಕ್ಕಳು. ನಗು ಅರ್ಧಕ್ಕೇ ನಿಂತಿತು.

“ಯಾಕೆ? ಸಮಾಧಾನ ಆಗ್ಲಿಲ್ವಾ?”

“ಆಯ್ತು ರೀ. ಯಾಕಾಗಲ್ಲ?” ಆಕೆ ಸೆರಗಿನಿಂದ ತುಟಿ ಒರೆಸಿಕೊಂಡಳು. “ನೀವು ಕೊಡ್ತಿದ್ದ ಅರ್ಧದಲ್ಲಿ ಏನೋ ಒಂದು ರುಚಿ ಇರ್ತಿತ್ತು. ಡಾಕ್ಟರಮ್ಮ ಹೇಳೋವರೆಗೂ ಅದು ಬಾದಾಮಿದು ಅಂತ ನನಗೆ ಗೊತ್ತೇ ಇರಲಿಲ್ಲ. ನಿಮ್ಮದು ಅಂದ್ಕೊಂಡಿದ್ದೆ.”